ಪಟ್ಟಾಪಟ್ಟಿ ಚಡ್ಡಿಯ ಆಪದ್ಧನ

ಜೂನ್ ಹದಿನಾಲ್ಕು, ಭಾನುವಾರ. ಸ್ವೀಡನ್ನಿನ ನಮ್ಮ ಊರು ಟ್ರೋಲ್‌ಹೆಟ್ಟನ್‌ನಲ್ಲಿ ಹನ್ನೊಂದು ಡಿಗ್ರಿ, ಬೆಳಗಿನಿಂದ ತುಂತುರು, ಜೊತೆಗೆ ಗಾಳಿ.

ದುಡ್ಡು ಖರ್ಚು ಮಾಡಬೇಕೆಂದೇ ಹೊರಟವರಿಗೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಉಳಿಸಬೇಕೆಂದು ಹೊರಟವನಿಗೆ ಮಾತ್ರ ಮನೆಯ ಬಾಗಿಲು ದಾಟುವ ಮೊದಲೇ ಒಂದೊಂದಾಗಿ ಪಜೀತಿಗಳು ಶುರುವಾಗುತ್ತವೆ. ನನಗಂತೂ ಆಗುತ್ತಲೇ ಇರುತ್ತವೆ. ನಾನು ಹೆಚ್ಚು ಮಾತಿನವನಲ್ಲ. ಈ ಸಲದ ಪ್ರಯಾಣದಲ್ಲಿ ಆದದ್ದನ್ನೆಲ್ಲ ಗೋಥೆನ್‌ಬರ್ಗ್‌ವರೆಗಿನ ಪರಿಚಯದವರಿಗೆಲ್ಲ ಹೇಳಿಕೊಂಡು ಬಂದವಳು ನನ್ನ ಹೆಂಡತಿ. ಅವಳು ಹೇಳುವ ಕಥೆಯಲ್ಲಿ ನಾನು ಇನ್ನೂ ಜಿಪುಣ. ಅದಕ್ಕೇ ನನ್ನ ಕಡೆಯದನ್ನೂ ಬರೆದಿಡುತ್ತಿದ್ದೇನೆ. ಬರೆಯುತ್ತಾ ಹೋದಂತೆ ಅವಳು ಹೇಳಿದ್ದೇ ಸರಿ ಅನ್ನಿಸುತ್ತಿದೆ, ಅದು ಬೇರೆ ಮಾತು.

ನಾನು ದಾವಣಗೆರೆಯವನು, ಅವಳು ಮೈಸೂರಿನವಳು. ಮನೆಯಲ್ಲಿ ಉರ್ದು, ಕನ್ನಡ ಎರಡೂ ನಡೆಯುತ್ತವೆ. ಜಗಳ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಅದರಲ್ಲಿ ಅವಳ ಕೈ ಮೇಲು. ಹದಿನೈದು ವರ್ಷದ ಮಗಳು ಯಾವ ಭಾಷೆಯಲ್ಲಿ ಕೇಳಿದರೂ ಸ್ವೀಡಿಶ್‌ನಲ್ಲೋ ಇಂಗ್ಲಿಷ್‌ನಲ್ಲೋ ಉತ್ತರ ಕೊಡುತ್ತಾಳೆ. ಶಾಲೆಯಲ್ಲಿ ಸ್ಪ್ಯಾನಿಶ್ ಕಲಿಯುತ್ತಿದ್ದಾಳೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ.

ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ನನ್ನ ಗೆಳೆಯನೊಬ್ಬ ಎಂಜಿನಿಯರ್. ಉಳ್ಳಾಲದ ಕಡೆಯವನು. ಅವನ ಮನೆಮಾತು ಬ್ಯಾರಿ, ನನ್ನದು ಉರ್ದು, ನಮ್ಮ ಸ್ನೇಹ ಕನ್ನಡದಲ್ಲಿ. ನಲವತ್ತನಾಲ್ಕು ವರ್ಷ ಮದುವೆ ಬೇಡವೆಂದು ಕೂತಿದ್ದವನು, ಅದೇ ಊರಿನ ಔಷಧಿ ಕಾರ್ಖಾನೆಯ ಹುಡುಗಿಯೊಬ್ಬಳನ್ನು ಕಂಡ ಮೇಲೆ ಬೇಕು ಎಂದ. ಅವಳ ತಂದೆತಾಯಿ ಮೊರಾಕೊದಿಂದ ಬಂದು ಸ್ಪೇನಿನಲ್ಲಿ, ಗ್ರನಾಡಾ ಹತ್ತಿರದ ಗುಡ್ಡದ ಊರೊಂದರಲ್ಲಿ ನೆಲೆಸಿದವರು. ನಿಕಾಹ್ ಅಲ್ಲೇ, ಶನಿವಾರ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ನಾನು.

ನೇರ ವಿಮಾನ ದುಬಾರಿ. ಇಟಲಿಯವರೆಗೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ದಕ್ಷಿಣ ಫ್ರಾನ್ಸ್ ದಾಟಿ ಸ್ಪೇನಿಗೆ ಹೋದರೆ ಬಹಳ ಉಳಿಯುತ್ತದೆಂದು ಕಂಡುಹಿಡಿದೆ. ಐದು ದಿನದ ಹಾದಿ. ಪಟ್ಟಿ ಮಾಡಿ ಹೆಂಡತಿಯ ಮುಂದಿಟ್ಟೆ. ಅವಳು ಪೂರ್ತಿ ಓದಿ ಹೇಳಿದಳು:

"ಆಯ್ತು ರೀ. ನೀವು ಹೇಳಿದ ಬಸ್ಸಲ್ಲಿ ಕೂರ್ತೀನಿ, ನೀವು ಹೇಳಿದ ರೂಮಲ್ಲಿ ಮಲಗ್ತೀನಿ. ಒಂದೇ ಒಂದು ಸಲ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು, ಯಾರಾದ್ರೂ ಬಡಿಸಿದ್ದನ್ನ ತಿನ್ಬೇಕು. ಎದುರಿಗೆ ಸಮುದ್ರ ಇರ್ಬೇಕು. ಅಷ್ಟೇ."

"ನೋಡೋಣ," ಎಂದೆ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನಾನು ಅತಿ ಹೆಚ್ಚು ಬಳಸಿದ ಮಾತು ಅದು.

ಅವಳಿಗೆ ಹೇಳದ ಒಂದು ಏರ್ಪಾಡು ನನ್ನದಿತ್ತು. ಕಳೆದ ಸಲ ಊರಿಗೆ ಹೋದಾಗ ತಂದ ಪಟ್ಟಾಪಟ್ಟಿ ಚಡ್ಡಿ ನನ್ನ ಹತ್ತಿರವಿದೆ. ಮಂಡಿಯವರೆಗೆ ಬರುವಂಥದ್ದು, ಲಾಡಿ, ಒಳಗಡೆ ಒಂದು ಜೇಬು. ನನ್ನ ಅಪ್ಪ ವ್ಯಾಪಾರಕ್ಕೆ ಬೊಂಬಾಯಿಗೆ ಹೋಗುವಾಗ ದುಡ್ಡು ಇಟ್ಟುಕೊಳ್ಳುತ್ತಿದ್ದದ್ದು ಅಂಥದ್ದರಲ್ಲೇ. ನಾನು ಮುನ್ನೂರ ಮೂವತ್ತು ಯೂರೋ ನೋಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಆ ಜೇಬಿಗೆ ಇಳಿಸಿದೆ. ಆಪದ್ಧನ. ಹೆಂಡತಿಗೆ ತಿಳಿದರೆ ಅದು ಆಪತ್ತಿಗೆ ಮೊದಲೇ ಖರ್ಚಾಗುತ್ತದೆ.

ಅಳತೆ

ನಾನು ಕೊಂಡದ್ದು ಅತಿ ಅಗ್ಗದ ಟಿಕೆಟ್. ಸೀಟಿನ ಕೆಳಗೆ ಹಿಡಿಯುವ ಒಂದು ಚಿಕ್ಕ ಬ್ಯಾಗಿಗೆ ಮಾತ್ರ ಅವಕಾಶ. ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವುದೇ ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚಾದರೂ ಮುಖ ನೋಡದೆ ವಾಪಸ್ ಕಳಿಸುತ್ತೇನೆ. ಹಾಗಾಗಿ ಎರಡು ವಾರ ಮೊದಲೇ ರಟ್ಟಿನಲ್ಲಿ ವಿಮಾನದವರ ಅಳತೆಯ ಪೆಟ್ಟಿಗೆ ಮಾಡಿ, ಮೂರೂ ಬ್ಯಾಗುಗಳನ್ನು ಅದರಲ್ಲಿ ಇಳಿಸಿ, ಎತ್ತಿ, ತೃಪ್ತನಾಗಿದ್ದೆ.

ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗು ಅವರ ಪೆಟ್ಟಿಗೆಯೊಳಗೆ ಅರ್ಧಕ್ಕೇ ನಿಂತಿತು. ನಾನು ಅಳೆದದ್ದು ಖಾಲಿ ಬ್ಯಾಗನ್ನು.

ಕೌಂಟರಿನ ಹುಡುಗ ಹೇಳಿದ ದಂಡ ನನ್ನ ಟಿಕೆಟ್ಟಿಗಿಂತ ಹೆಚ್ಚಿತ್ತು. ಉಬ್ಬಿಕೊಂಡದ್ದು ಮದುವೆಗೆಂದು ಇಟ್ಟ ಶೇರ್ವಾನಿ. ಅಲ್ಲೇ ತೆಗೆದು ಹಾಕಿಕೊಂಡೆ. ಕುತ್ತಿಗೆಯವರೆಗೆ ಗುಂಡಿ, ಎದೆಯ ಮೇಲೆ ಜರಿ. ಬ್ಯಾಗು ಸಲೀಸಾಗಿ ಇಳಿಯಿತು. ಮಗಳು ಎರಡು ಹೆಜ್ಜೆ ಹಿಂದೆ ಸರಿದು ಬೇರೆ ಯಾವುದೋ ಕುಟುಂಬದ ಪಕ್ಕ ನಿಂತಳು.

ವಿಮಾನದೊಳಗೆ ಗಗನಸಖಿ ನನ್ನನ್ನು ನೋಡಿ ಕಣ್ಣರಳಿಸಿದಳು. "ಓಹ್! ಮದುವೆಯೇ?"

"ಹೌದು, ಮದುವೆಗೆ," ಎಂದೆ.

ಅವಳು ಎಲ್ಲರಿಗೂ ಕೇಳುವಂತೆ ಅಭಿನಂದನೆ ಹೇಳಿದಳು. ಸ್ವೀಡನ್ನಿನವರು ಸುಮ್ಮನೆ ಚಪ್ಪಾಳೆ ತಟ್ಟುವ ಜನವಲ್ಲ, ಆದರೂ ನಾಲ್ಕೈದು ಕೈ ಸದ್ದಾದವು. ಆಮೇಲೆ ನನ್ನ ಹೆಂಡತಿಯ ಕಡೆ ಬಾಗಿ, "ನೀವೇ ವಧುವಾ?" ಎಂದು ಕೇಳಿದಳು.

ನನ್ನ ಹೆಂಡತಿ ಅಚ್ಚ ಸ್ವೀಡಿಶ್‌ನಲ್ಲಿ, ಬಹಳ ಶಾಂತವಾಗಿ ಹೇಳಿದಳು: "ಅಲ್ಲಮ್ಮ. ನಾನು ಈಗಿರೋ ಹೆಂಡತಿ."

ಇಟಲಿ ತಲುಪುವವರೆಗೆ ಅವಳಿಗೆ ಎರಡು ಸಲ ಬಿಟ್ಟಿ ಕಾಫಿ ಬಂತು. ನನಗೆ ಒಂದು ನೋಟ ಬಂತು. ತಪ್ಪು ತಿಳುವಳಿಕೆ ಸರಿಪಡಿಸಬಹುದಿತ್ತು. ಆದರೆ ಎರಡು ಕಾಫಿ ಎಂದರೆ ಎಂಬತ್ತು ಕ್ರೋನರ್, ಸುಮ್ಮನಿದ್ದೆ.

ಕುರ್ಚಿ

ನಮ್ಮ ಬುತ್ತಿ ನಮ್ಮ ಬೆನ್ನಮೇಲೆ ಇತ್ತು. ಸ್ವೀಡನ್ನಿನ ಗಟ್ಟಿ ರೈ ರೊಟ್ಟಿ, ಅದರ ಮೇಲೆ ದಾವಣಗೆರೆಯ ಶೇಂಗಾ ಚಟ್ನಿಪುಡಿ. ಈ ಜೋಡಿ ಕೆಡುವುದಿಲ್ಲ, ಚೆಲ್ಲುವುದಿಲ್ಲ, ಯಾರೂ ಕದಿಯುವುದಿಲ್ಲ. ಇಟಲಿಯ ಆ ಊರಿನಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕೂತು ತಿಂದೆವು. ಎದುರಿನ ಹೋಟೆಲಿನಲ್ಲಿ ಜನ ಏನೇನೋ ತಿನ್ನುತ್ತಿದ್ದರು. ಹೆಂಡತಿ ಅವರನ್ನು ನೋಡುತ್ತಿದ್ದಳು, ನಾನು ಚರ್ಚಿನ ಗೋಪುರದ ವಯಸ್ಸು ವಿವರಿಸುತ್ತಿದ್ದೆ.

ಬಿಸಿಲು ಮೂವತ್ತಾರು ಡಿಗ್ರಿ. ಗೋಪುರದ ವಿವರಣೆ ಮುಗಿಯುವಷ್ಟರಲ್ಲಿ ಅವಳಿಗೆ ತಲೆ ಸುತ್ತಿತು. ಗಾಬರಿಯಾಗಿ ಅವಳನ್ನು ಆ ಹೋಟೆಲಿನ ನೆರಳಿಗೆ ಕರೆದೊಯ್ದು ಕೂರಿಸಿ, "ಬರೀ ನೀರು ಸಾಕು," ಎಂದೆ. ಸ್ವೀಡನ್ನಿನಲ್ಲಿ ಯಾವ ಹೋಟೆಲಿನಲ್ಲಾದರೂ ನಲ್ಲಿ ನೀರು ಬಿಟ್ಟಿ. ಇಲ್ಲಿ ನೀರಿನ ಜೊತೆ ಒಂದು ಬುಟ್ಟಿ ಬ್ರೆಡ್ಡೂ ಬಂತು. ಇಟಲಿಯವರು ದೊಡ್ಡ ಮನಸ್ಸಿನವರು ಎಂದು ಮಗಳಿಗೆ ಹೇಳಿ ನಾಲ್ಕು ತುಂಡು ತಿಂದೆ. ಎರಡು ಕರವಸ್ತ್ರದಲ್ಲಿ ಸುತ್ತಿಯೂ ಇಟ್ಟುಕೊಂಡೆ.

ಬಿಲ್ಲು ಹದಿಮೂರು ಯೂರೋ. ಬಾಟಲಿ ನೀರಿಗೆ ನಾಲ್ಕು. ಉಳಿದ ಒಂಬತ್ತು, ಮೂರು ಜನ ಕುರ್ಚಿಯಲ್ಲಿ ಕೂತದ್ದಕ್ಕೆ.

ಇಟಲಿಯ ಬಗ್ಗೆ ಹೊರಡುವ ಮುಂಚೆ ಲೈಬ್ರರಿಯಿಂದ ತಂದು ನಾಲ್ಕು ದಪ್ಪ ಪುಸ್ತಕ ಓದಿದ್ದೆ. ರೋಮನ್ನರು ಸೇತುವೆ ಕಟ್ಟಿದ್ದು, ಚಿತ್ರಕಾರರು ಚಾವಣಿಗೆ ಬಣ್ಣ ಬಳಿದದ್ದು, ಎಲ್ಲ ಇತ್ತು. ಕುರ್ಚಿಗೆ ಬಾಡಿಗೆ ಇದೆ ಎಂದು ಒಬ್ಬನೂ ಬರೆದಿರಲಿಲ್ಲ.

"ಹೇಗೂ ಕೊಟ್ಟಾಯ್ತು," ಎಂದೆ ಹೆಂಡತಿಗೆ. "ಹೋಟೆಲಿನ ಮೇಜು ಆದಂತಾಯ್ತು, ಅಲ್ವಾ?"

ಅವಳು ಮೇಜನ್ನು ಬೆರಳಿನಿಂದ ಒರೆಸಿ ನೋಡಿದಳು. ತಲೆ ಸುತ್ತು ಪೂರ್ತಿ ಬಿಟ್ಟಿತ್ತು. "ಇದು ಬಟ್ಟೆ ಅಲ್ಲ ರೀ, ಪೇಪರ್. ಎದುರಿಗೆ ಸಮುದ್ರ ಅಲ್ಲ, ಸ್ಕೂಟರ್ ಸ್ಟ್ಯಾಂಡ್. ಲೆಕ್ಕಕ್ಕಿಲ್ಲ."

ಬಂದ ಚಿಲ್ಲರೆಯನ್ನು ಯಾರೂ ನೋಡದಂತೆ ಒಳಜೇಬಿಗೆ ಸೇರಿಸಿದೆ. ಅಂದಿನಿಂದ ನಾನು ನಡೆದರೆ ಸದ್ದಾಗತೊಡಗಿತು.

"ಏನ್ರೀ ಅದು, ಗೆಜ್ಜೆ ಕಟ್ಕೊಂಡಿದೀರಾ?"

"ಮನೆ ಕೀಲಿ," ಎಂದೆ.

ಟವೆಲ್

ಸ್ವೀಡನ್ನಿನಲ್ಲಿ ಬಸ್‌ಸ್ಟಾಪಿನ ಕಂಬಕ್ಕೆ ಯಾರೂ ಹತ್ತಿರ ನಿಲ್ಲುವುದಿಲ್ಲ, ಒಬ್ಬರಿಗೊಬ್ಬರಂತೂ ಇಲ್ಲವೇ ಇಲ್ಲ. ನಡುವೆ ಒಂದು ಎಮ್ಮೆ ದಾಟುವಷ್ಟು ಜಾಗ ಬಿಡುವುದು ಮರ್ಯಾದೆ. ಇಪ್ಪತ್ತು ವರ್ಷದಲ್ಲಿ ಅದು ನನ್ನ ಮೈಗೂ ಹತ್ತಿದೆ.

ದಕ್ಷಿಣ ಫ್ರಾನ್ಸಿನಲ್ಲಿ ನಮ್ಮ ಅಗ್ಗದ ರೂಮು ಊರಿನಿಂದ ಬಹಳ ಹೊರಗಿತ್ತು. ಗಂಟೆಗೊಂದು ಬಸ್ಸು. ನಾವು ಮೂವರೂ ಕಂಬದಿಂದ ದೂರ, ಒಬ್ಬರಿಂದೊಬ್ಬರು ದೂರ, ಮೂರು ಬೇರೆ ಬೇರೆ ಯೋಚನೆಯವರಂತೆ ಫುಟ್‌ಪಾತಿನಲ್ಲಿ ನಿಂತಿದ್ದೆವು. ಬಸ್ಸು ಬಂತು. ಡ್ರೈವರು ನಿಧಾನ ಮಾಡಿ ನಮ್ಮನ್ನು ನೋಡಿದ. ಬಸ್ಸಿಗೆ ಕಾಯುವವರು ಹೀಗೆ ನಿಲ್ಲುವುದನ್ನು ಅವನು ಕಂಡಿರಲಿಲ್ಲವೇನೋ. ಹೊರಟುಹೋದ.

"ಪಪ್ಪಾ, we were normal," ಎಂದಳು ಮಗಳು. "They are weird."

ಮುಂದಿನ ಗಂಟೆಯ ಹೊತ್ತಿಗೆ ಸ್ಟಾಪಿನಲ್ಲಿ ಮೂವತ್ತು ಜನ. ಬಸ್ಸು ಬಂದು ನಿಂತ ಕ್ಷಣ ನನ್ನೊಳಗಿನ ಸ್ವೀಡನ್ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಕಾಲೇಜಿನ ದಿನಗಳ ದಾವಣಗೆರೆ ಬಸ್‌ಸ್ಟ್ಯಾಂಡು ಎದ್ದು ನಿಂತಿತು. ಹೆಗಲ ಮೇಲಿನ ಟವೆಲನ್ನು ಸುತ್ತಿ, ತೆರೆದ ಕಿಟಕಿಯೊಳಗಿನಿಂದ ಖಾಲಿ ಸೀಟಿನ ಮೇಲೆ ಎಸೆದೆ. ಗುರಿ ತಪ್ಪಲಿಲ್ಲ. ಇಪ್ಪತ್ತೈದು ವರ್ಷದ ನಂತರವೂ ಕೈ ಮರೆತಿಲ್ಲವೆಂದು ಹೆಮ್ಮೆಯಾಯಿತು.

ಹತ್ತಿ ನೋಡಿದರೆ ಟವೆಲಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಟವೆಲ್ ಹಾಕಿದ ಸೀಟು ಹಾಕಿದವನದು ಎಂಬ ಕಾನೂನು ಆ ದೇಶದಲ್ಲಿಲ್ಲ. ಕೊಳೆಯಾದ ಸೀಟಿನ ಮೇಲೆ ತಮಗಾಗಿ ಹಾಸಿದ್ದೇನೆ ಎಂದುಕೊಂಡ ಅಜ್ಜಿ ನನ್ನ ಕೆನ್ನೆ ತಟ್ಟಿ, ಇಡೀ ಬಸ್ಸಿಗೆ ನನ್ನನ್ನು ತೋರಿಸಿ ಏನೋ ಹೊಗಳಿದರು. ನಾನು ನಲವತ್ತು ನಿಮಿಷ ನಿಂತೇ ಪ್ರಯಾಣ ಮಾಡಿದೆ. ಇಳಿಯುವಾಗ ಅಜ್ಜಿ ಟವೆಲನ್ನು ನೀಟಾಗಿ ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಹೆಂಡತಿ ಕಂಬಿ ಹಿಡಿದು ತೂಗಾಡುತ್ತಾ ಹೇಳಿದಳು: "ಸ್ವೀಡನ್ನಲ್ಲಿ ಕಲಿತದ್ದರಿಂದ ಒಂದು ಬಸ್ಸು ಹೋಯ್ತು. ದಾವಣಗೆರೇಲಿ ಕಲಿತದ್ದರಿಂದ ಒಂದು ಟವೆಲ್ ಹೋಯ್ತು. ಇನ್ನು ನಿಮ್ಮತ್ರ ಏನು ಉಳೀತು ರೀ?"

ಸ್ಟೂಲು

ಬಾರ್ಸಿಲೋನಾದ ರೂಮಿನ ವಿವರದಲ್ಲಿ 'ಸಮುದ್ರ ಕಾಣುತ್ತದೆ' ಎಂದಿತ್ತು. ಅದೂ ಅಗ್ಗಕ್ಕೆ. ಹೆಂಡತಿಯ ಬೇಡಿಕೆಯಲ್ಲಿ ಅರ್ಧ ತೀರಿತೆಂದು ಬುಕ್ ಮಾಡಿದ್ದೆ. ರೂಮಿನ ಕಿಟಕಿಗೆ ಎದುರು ಮನೆಯ ಗೋಡೆ. ಸಮುದ್ರ ಎಲ್ಲಿ ಎಂದರೆ ಮನೆಯೊಡತಿ ಬಚ್ಚಲಿಗೆ ಕರೆದೊಯ್ದು ಒಂದು ಸ್ಟೂಲು ಹಾಕಿದಳು. ಅದರ ಮೇಲೆ ಹತ್ತಿ, ಮೇಲಿನ ಸಣ್ಣ ಕಿಂಡಿಗೆ ಕೆನ್ನೆ ಒತ್ತಿದರೆ, ಎರಡು ಕಟ್ಟಡಗಳ ನಡುವೆ ಒಂದು ನೀಲಿ ಗೆರೆ. ಸುಳ್ಳಲ್ಲ.

ನಾನು ಸೋಲೊಪ್ಪಲಿಲ್ಲ. ಮೂಲೆಯಲ್ಲಿದ್ದ ಇಸ್ತ್ರಿ ಮಾಡುವ ಹಲಗೆಯನ್ನು ನಿಲ್ಲಿಸಿ, ಹಾಸಿಗೆಯ ಬಿಳಿ ಹೊದಿಕೆ ಹಾಸಿ, ರೈ ರೊಟ್ಟಿ ಮುರಿದು ಜೋಡಿಸಿ, ಚಟ್ನಿಪುಡಿಯನ್ನು ಮೂರು ಸಣ್ಣ ಗುಡ್ಡೆ ಮಾಡಿ, ತೋಳಿನ ಮೇಲೆ ಒಂದು ಬಟ್ಟೆ ಇಳಿಬಿಟ್ಟು ನಿಂತೆ.

"ಬನ್ನಿ ಮೇಡಂ. ಬಟ್ಟೆ ಹಾಸಿದ ಮೇಜು, ಬೇರೆಯವರು ಬಡಿಸಿದ್ದು, ಸಮುದ್ರ. ಮೂರೂ ಇದೆ."

ಅವಳು ಹಲಗೆ ನೋಡಿದಳು, ಚಟ್ನಿಪುಡಿ ನೋಡಿದಳು, ನನ್ನನ್ನು ನೋಡಿದಳು.

"ಸ್ಟೂಲ್ ಮೇಲೆ ನಿಂತ್ಕೊಂಡು ತಿನ್ಲಾ?"

ಕೈಯಲ್ಲಿದ್ದಷ್ಟು

ಮದುವೆಯ ಹಿಂದಿನ ದಿನ ಆ ಗುಡ್ಡದ ಊರಿಗೆ ತಲುಪಿದೆವು. ಊರಿನಲ್ಲಿ ಒಂದೇ ಹೋಟೆಲು, ದ್ರಾಕ್ಷಿ ಬಳ್ಳಿಯ ಚಪ್ಪರದ ಕೆಳಗೆ ಬಿಳಿ ಬಟ್ಟೆ ಹಾಸಿದ ಆರು ಮೇಜು.

"ಸಮುದ್ರ ಬೇಡ," ಎಂದಳು ಹೆಂಡತಿ. "ಬಿಟ್ಟುಕೊಟ್ಟೆ. ಇಲ್ಲಾದ್ರೂ ಕೂರೋಣ."

ನಾನು ಸುಳ್ಳು ಹೇಳುವವನಲ್ಲ. ಪರ್ಸು ತೆರೆದು ತೋರಿಸಿದೆ. ಅದರಲ್ಲಿ ಅರವತ್ತು ಯೂರೋ ಇತ್ತು. "ಇದರಲ್ಲಿ ಇನ್ನೂ ಮೂರು ದಿನ ಕಳೀಬೇಕು," ಎಂದೆ. ಅವಳು ಪರ್ಸನ್ನೇ ತೆಗೆದುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು. "ಹಾಗಾದ್ರೆ ಇದು ನನ್ನತ್ರ ಇರ್ಲಿ. ನೀವು ಕುರ್ಚಿ ಬಾಡಿಗೆ ಕಟ್ಟಿಬಿಡ್ತೀರ." ಆ ಮಾತಿಗೆ ನಗಬೇಕೆನಿಸಿತು. ಒಳಜೇಬು ತೊಡೆಗೆ ಒತ್ತುತ್ತಿತ್ತು, ನಗಲಿಲ್ಲ.

ಶನಿವಾರ ಮಧ್ಯಾಹ್ನ ಹುಡುಗಿಯ ಮನೆಯ ಹತ್ತಿರದ ಸಣ್ಣ ಸಭಾಂಗಣ. ಗಂಡಸರು ಈಚೆ, ಹೆಂಗಸರು ಪಕ್ಕದ ಕೋಣೆಯಲ್ಲಿ, ನಡುವೆ ಒಂದು ಪರದೆ. ಅವರಿಗೆ ಕೇಳಲೆಂದು ಮೈಕು, ಸ್ಪೀಕರು. ಇಮಾಮರು ಸ್ಪ್ಯಾನಿಶ್‌ನಲ್ಲಿ ಹೇಳಿದ್ದನ್ನು ಹುಡುಗಿಯ ಅಣ್ಣ ನಮಗೆ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದ.

"ಮಹರ್ ಎಷ್ಟು?" ಎಂದು ಕೇಳಿದರು ಇಮಾಮರು. ಮಹರ್ ಎಂದರೆ ನಿಕಾಹ್‌ನಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದದ್ದು, ಅವಳ ಹಕ್ಕು.

ಹುಡುಗಿ ಚಿನ್ನ ಕೇಳಿರಲಿಲ್ಲ, ಮನೆ ಕೇಳಿರಲಿಲ್ಲ. "ಆ ದಿನ ನಿನ್ನ ಕೈಯಲ್ಲಿ ಎಷ್ಟಿರುತ್ತದೋ ಅಷ್ಟೇ ಸಾಕು," ಎಂದಿದ್ದಳಂತೆ. ಎಂಥ ಹುಡುಗಿ ಎಂದು ನನ್ನ ಗೆಳೆಯ ಮೂರು ತಿಂಗಳು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದ. ಕೈಯಲ್ಲಿ ಏನಾದರೂ ಇರಬೇಕೆಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಸ್ವೀಡನ್ನಿನಲ್ಲಿ ಸಂತೆಯಲ್ಲಿ ಆಲೂಗಡ್ಡೆ ಮಾರುವವನೂ ನೋಟು ಮುಟ್ಟುವುದಿಲ್ಲ. ಎಲ್ಲ ಫೋನಿನಲ್ಲೇ, ಸ್ವಿಶ್ ಮಾಡುವುದು. ಮದುಮಗ ಎದ್ದು ನಿಂತು ಜೇಬು ತಡಕಿದ. ಫೋನು ಬಂತು, ಮನೆ ಕೀಲಿ ಬಂತು, ಲೈಬ್ರರಿ ಕಾರ್ಡು ಬಂತು.

"ಸ್ವಿಶ್ ಮಾಡಬಹುದಾ?" ಎಂದು ಇಮಾಮರನ್ನು ಕೇಳಿದ.

ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯ ಅಜ್ಜ ಏನೋ ಅಂದರು. ಅಣ್ಣ ಸಂಕೋಚದಿಂದ ಅನುವಾದಿಸಿದ: "ಹುಡುಗನಿಗೆ ನಿಜವಾಗಿಯೂ ಕೆಲಸ ಇದೆಯಾ ಅಂತ ಕೇಳ್ತಿದ್ದಾರೆ."

ಊರಿನ ಒಂದೇ ಎಟಿಎಂ ಕೆಟ್ಟು ವಾರವಾಗಿತ್ತು. ಇಮಾಮರಿಗೆ ಐದಕ್ಕೆ ಬೇರೆ ಊರಿನಲ್ಲಿ ಇನ್ನೊಂದು ನಿಕಾಹ್, ಗಡಿಯಾರ ನೋಡಿದರು. ಹುಡುಗಿಯ ಅಣ್ಣ ತನ್ನ ಜೇಬಿಗೆ ಕೈ ಹಾಕಿದ. ಅಜ್ಜ ಕೋಲು ಎತ್ತಿ ತಡೆದರು. ಹುಡುಗಿಯ ಮಹರು ಹುಡುಗಿಯ ಮನೆಯದೇ ದುಡ್ಡಿನಲ್ಲಿ ಆಗುವುದುಂಟೇ?

ಗೆಳೆಯ ನನ್ನ ಕಿವಿಗೆ ಬಾಗಿದ. ಹತ್ತು ವರ್ಷ ನಮ್ಮೆದುರು ಬೆಂಗಳೂರು ಕನ್ನಡ ಆಡುತ್ತಿದ್ದವನ ಬಾಯಿಂದ ಊರಿನ ಮಾತು ಹೊರಗೆ ಬಂತು. "ಸಾಹೇಬ್ರೇ, ನಿಮ್ಮತ್ರ ಕ್ಯಾಶ್ ಉಂಟಾ? ಮಾನ ಹೋಗ್ತದೆ ಮಾರಾಯ್ರೇ."

ಅಪ್ಪ ಕಲಿಸಿದ್ದು ಇದೇ: ಆಪತ್ತು ಬಂದಾಗ ತೆಗೆ. ಆಪತ್ತು ಬೇರೆಯವರದ್ದಾದರೆ ಏನು ಮಾಡಬೇಕೆಂದು ಅಪ್ಪ ಹೇಳಿರಲಿಲ್ಲ.

"ಒಂದು ನಿಮಿಷ," ಎಂದು ಮೂಲೆಯ ಸಾಮಾನು ಕೋಣೆಗೆ ಇಳಿಬಿಟ್ಟಿದ್ದ ಇನ್ನೊಂದು ಪರದೆಯ ಹಿಂದೆ ಸರಿದೆ. ಐವತ್ತು ಯೂರೋದ ಒಂದೇ ನೋಟು ತೆಗೆಯುವುದು ನನ್ನ ಲೆಕ್ಕಾಚಾರ. ಮಂಡಿಯವರೆಗಿನ ಶೇರ್ವಾನಿ ಎತ್ತಿ ಗದ್ದದಲ್ಲಿ ಒತ್ತಿ ಹಿಡಿದೆ. ಪೈಜಾಮದ ಲಾಡಿ ಸಡಿಲಿಸಿ, ಎರಡು ಬೆರಳು ಇಳಿಬಿಟ್ಟು ಎಳೆದೆ. ರಬ್ಬರ್ ಬ್ಯಾಂಡು ಸಮೇತ ಕಟ್ಟು ಪೂರ್ತಿ ಬಂತು. ಅದರ ಹಿಂದೆಯೇ ಐದು ದಿನದ ಚಿಲ್ಲರೆ ನೆಲಕ್ಕೆ ಬಿದ್ದು, ಪರದೆಯ ಕೆಳಗಿನಿಂದ ಉರುಳಿ, ಸಭೆಯ ನಡುವೆ ಒಂದೊಂದಾಗಿ ಗಿರಕಿ ಹೊಡೆದು ಮಲಗಿತು. ಬಗ್ಗಿ ಆರಿಸಿದವರು ಮದುವೆಗೆ ಬಂದ ಹಿರಿಯರು. ಒಂದು ಸೆಂಟೂ ಬಿಡದೆ ಆರಿಸಿ ತಟ್ಟೆಗೆ ಹಾಕಿದರು. ನಾನು ಲಾಡಿ ಕಟ್ಟಿಕೊಂಡು ಈಚೆ ಬರುವಷ್ಟರಲ್ಲಿ ಗೆಳೆಯ ನನ್ನ ಕೈಯಿಂದ ಕಟ್ಟನ್ನೂ ತೆಗೆದು ತಟ್ಟೆಗಿಟ್ಟ.

ಇಮಾಮರು ತಟ್ಟೆಯದನ್ನು ನಿಧಾನವಾಗಿ ಎಣಿಸಿ, ಪುಸ್ತಕದಲ್ಲಿ ಬರೆದು, ಮೈಕಿನಲ್ಲಿ ಸ್ಪಷ್ಟವಾಗಿ ಓದಿದರು. ಹೆಂಗಸರ ಕೋಣೆಯಿಂದ, ಶಾಲೆಯಲ್ಲಿ ಸ್ಪ್ಯಾನಿಶ್ ಕಲಿಯುತ್ತಿರುವ ನನ್ನ ಮಗಳ ದನಿ, ಅಪರೂಪಕ್ಕೆ ಕನ್ನಡದಲ್ಲಿ: "ಮಮ್ಮೀ, ಮುನ್ನೂರ ಮೂವತ್ತೇಳು ಯೂರೋ, ನಲವತ್ತು ಸೆಂಟ್."

ಅದರ ಹಿಂದೆ ಒಂದು ಕೆಮ್ಮು. ಆ ಕೆಮ್ಮು ನನಗೆ ಇಪ್ಪತ್ತೊಂದು ವರ್ಷದಿಂದ ಪರಿಚಯ. ಸಾಕ್ಷಿಯ ರುಜುವನ್ನು ಹೆಂಗಸರ ಪರದೆಗೆ ಬೆನ್ನು ಮಾಡಿಕೊಂಡೇ ಹಾಕಿದೆ.

ಊಟದ ಹೊತ್ತಿಗೆ ಅವಳು ತಟ್ಟೆ ಹಿಡಿದು ನನ್ನ ಪಕ್ಕ ಬಂದು ನಿಂತಳು.

"ಅದು ಅವನ ದುಡ್ಡು," ಎಂದೆ, ಅವಳು ಬಾಯಿ ತೆರೆಯುವ ಮೊದಲೇ.

"ನಲವತ್ತು ಸೆಂಟ್ ಇಟ್ಕೊಂಡು ಮದುವೆಗೆ ಬರೋ ಗಂಡಸು ಈ ಭೂಮಿ ಮೇಲೆ ಒಬ್ಬರೇ ರೀ."

"ಆಪತ್ತಿಗೆ ಅಂತ..."

"ಚಟ್ನಿಪುಡಿ ಆಪತ್ತಲ್ವಾ?" ಒಂದು ತುತ್ತು ತಿಂದಳು. "ಇರ್ಲಿ. ನನ್ನ ಮಹರ್ ಎಷ್ಟು?"

"ಹನ್ನೊಂದು ಸಾವಿರ ರೂಪಾಯಿ."

"ಕೊಟ್ಟದ್ದು?"

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಮಹರ್ ಈಗಲೋ ಆಮೇಲೋ ಎಂದು ಖಾಜಿ ಕೇಳುತ್ತಾರೆ. ಮನೆಯ ಹಿರಿಯರು 'ಆಮೇಲೆ' ಎನ್ನುತ್ತಾರೆ. ಆ 'ಆಮೇಲೆ' ಬರುವುದೇ ಇಲ್ಲ. ಮದುವೆಯಾದ ಹೊಸತರಲ್ಲಿ ಗೆಳೆಯರು ಹೇಳಿಕೊಟ್ಟಂತೆ, 'ಮಾಫ್ ಮಾಡಿಬಿಡು' ಎಂದು ನಾನೂ ಕೇಳಿದ್ದೆ. ಅಂದು ಅವಳು ಹೇಳಿದ್ದು ಒಂದೇ ಮಾತು: "ನೋಡೋಣ." ಆ ಮಾತು ನಾನು ಕಲಿತದ್ದೇ ಅವಳಿಂದ.

ಅಷ್ಟರಲ್ಲಿ ಮದುಮಗ ಬಂದ. "ಸಾಹೇಬ್ರೇ, ನಿಮ್ಮ ದುಡ್ಡು ಸ್ವಿಶ್ ಮಾಡಿದೆ, ನೋಡಿ." ನನ್ನ ಫೋನು ಟಿಂಗ್ ಎಂದಿತು. ಹೆಂಡತಿ ತಟ್ಟೆ ಕೆಳಗಿಟ್ಟು, ತನ್ನ ಫೋನು ತೆಗೆದು ಸುಮ್ಮನೆ ನನ್ನ ಮುಂದೆ ಹಿಡಿದಳು.

ಹನ್ನೊಂದು ಸಾವಿರ ರೂಪಾಯಿಗೆ ಎಷ್ಟು ಕ್ರೋನರ್ ಎಂದು ಲೆಕ್ಕ ಹಾಕಿದೆ. ಬಡ್ಡಿ ನಮ್ಮಲ್ಲಿ ನಿಷಿದ್ಧ. ಆ ಕಟ್ಟಳೆಯ ಹಿಂದಿನ ಕರುಣೆ ಎಷ್ಟು ದೊಡ್ಡದೆಂದು ನನಗೆ ಅಂದು ಅರ್ಥವಾಯಿತು. ಸಾವಿರದ ಇನ್ನೂರು ಕ್ರೋನರ್ ಕಳಿಸಿದೆ. ಅವಳ ಫೋನು ಟಿಂಗ್ ಎಂದಿತು.

"ಭಾಭಿ, ಕಬೂಲಾ?" ಎಂದ ಮದುಮಗ, ನಿಕಾಹ್‌ನಲ್ಲಿ ಒಪ್ಪಿಗೆ ಕೇಳುವ ಧಾಟಿಯಲ್ಲಿ.

ಅವಳು ಮೊತ್ತವನ್ನು ಎರಡು ಸಲ ನೋಡಿ, ಫೋನು ಬ್ಯಾಗಿಗೆ ಹಾಕಿಕೊಂಡಳು. "ಕಬೂಲ್."

ನಮ್ಮ ಮದುವೆ ಪೂರ್ತಿಯಾದದ್ದು ಹೀಗೆ, ಇಪ್ಪತ್ತೊಂದು ವರ್ಷ ತಡವಾಗಿ, ಇನ್ನೊಬ್ಬನ ಮದುವೆ ಊಟದಲ್ಲಿ ನಿಂತುಕೊಂಡು.

ಮೇಜು

ವಾಪಸ್ ವಿಮಾನ ಸೋಮವಾರ ಸಂಜೆ, ಮಾಲಗಾದಿಂದ. ಮಧ್ಯಾಹ್ನ ಹೆಂಡತಿ ನನ್ನನ್ನು ಏನೂ ಕೇಳದೆ, ಕಡಲ ದಂಡೆಯ ಹೋಟೆಲೊಂದಕ್ಕೆ ನೇರ ನಡೆದು ಕೂತಳು. ಬಿಳಿ ಬಟ್ಟೆ ಹಾಸಿದ ಮೇಜು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು, ಹತ್ತಿಯದ್ದೇ. ಎದುರಿಗೆ ಸಮುದ್ರ, ಯಾವ ಸ್ಟೂಲೂ ಬೇಡದ ಸಮುದ್ರ.

"ನನ್ನ ಮಹರ್ ದುಡ್ಡು ಇವತ್ತು ಇಲ್ಲೇ ಖರ್ಚು," ಎಂದಳು.

ಆ ಮಾತು ಕೇಳಿ ನನ್ನ ಹೆಗಲ ಮೇಲಿನ ಭಾರ ಇಳಿದಂತಾಯಿತು. ನನ್ನ ಜೀವನದಲ್ಲಿ ಮೊದಲ ಸಲ ಮೆನುವನ್ನು ಎಡಗಡೆಯಿಂದ ಓದಿದೆ. ಸಾಮಾನ್ಯವಾಗಿ ನಾನು ಬಲಗಡೆಯ ಬೆಲೆಯನ್ನು ಮೊದಲು ಓದಿ, ಅತಿ ಕಡಿಮೆಯದ್ದು ಸಿಕ್ಕ ಮೇಲೆ ಅದು ಏನೆಂದು ನೋಡುವವನು. ಅವಳೂ ಮಗಳೂ ಅನ್ನ, ಮೀನಿನ ತಟ್ಟೆಯೊಂದನ್ನು ಹಂಚಿಕೊಳ್ಳುತ್ತೇವೆ ಎಂದರು. ಪಾಪ, ಅಭ್ಯಾಸ ತಪ್ಪಿಹೋಗಿದೆ ಎಂದುಕೊಂಡೆ. ನಾನು ಉಪ್ಪಿನಲ್ಲಿ ಹುಗಿದು ಸುಟ್ಟ ಇಡೀ ಮೀನು ಹೇಳಿದೆ. ಅದಕ್ಕೆ ಬೆಲೆ ಬರೆದಿರಲಿಲ್ಲ, ತೂಕದ ಮೇಲಂತೆ. ಮಂಜುಗಡ್ಡೆಯ ಮೇಲೆ ಮಲಗಿದ್ದವುಗಳಲ್ಲಿ ನಾನೇ ಎದ್ದು ಹೋಗಿ ಆರಿಸಿ ಬಂದೆ. ಅಳತೆ ನನ್ನ ಕಸುಬಲ್ಲವೇ, ದೊಡ್ಡದೇ ಸಿಕ್ಕಿತು. ಮೊದಲು ಸೂಪು, ಆಮೇಲೆ ಎರಡು ಗ್ಲಾಸು ಕಿತ್ತಳೆ ರಸ, ಕೊನೆಗೆ ಬಾದಾಮಿಯ ಸಿಹಿ, ಅದರ ಮೇಲೊಂದು ಕಾಫಿ.

ಹೆಂಡತಿ ಸಮುದ್ರ ನೋಡುತ್ತಾ ನಿಧಾನವಾಗಿ ತಿಂದಳು. ಬಡಿಸುವವನು ಬಂದಾಗಲೆಲ್ಲ ಬೆನ್ನು ನೇರ ಮಾಡಿ ಕೂರುತ್ತಿದ್ದಳು. "ಚೆನ್ನಾಗಿದೆ ರೀ," ಎಂದಳು. ಅವಳ ಮುಖ ಅಷ್ಟು ಹಗುರವಾಗಿದ್ದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಐದು ದಿನ ಮೊದಲೇ ಇದನ್ನು ಮಾಡಬಹುದಿತ್ತಲ್ಲ ಅನ್ನಿಸಿತು. ಮೀನಿನ ಇನ್ನೊಂದು ಮಗ್ಗುಲು ಬಿಡಿಸಿದೆ.

ಬಿಲ್ಲಿಗೆ ಹೇಳುವಾಗ ಅವಳು ಮಗಳಿಗೆ ಏನೋ ಅಂದಳು, ಮಗಳು ಬಡಿಸುವವನಿಗೆ ಸ್ಪ್ಯಾನಿಶ್‌ನಲ್ಲಿ ಏನೋ ಅಂದಳು. ಅವನು ಎರಡು ಸಣ್ಣ ತಟ್ಟೆ ತಂದ. ಒಂದನ್ನು ಅವಳ ಮುಂದಿಟ್ಟ, ಇನ್ನೊಂದನ್ನು ನನ್ನ ಮುಂದೆ.

"ಇದೇನು?" ಎಂದೆ.

"ಮಹರ್ ಹೆಂಡತಿಯ ಹಕ್ಕು ರೀ. ಅದರಲ್ಲಿ ಗಂಡಂದು ಪಾಲಿಲ್ಲ. ಅಷ್ಟೊಂದು ಪುಸ್ತಕ ಓದಿದೀರ, ಇದೊಂದು ಓದಿಲ್ವಾ?"

ಮಗಳು ಸ್ವೀಡನ್ನಿನಲ್ಲಿ ಹುಟ್ಟಿದವಳು. ಅಲ್ಲಿ ಗೆಳೆಯರು ಒಂದು ಫೀಕಾಕ್ಕೆ, ಅಂದರೆ ಕಾಫಿ ಹರಟೆಗೆ, ಕೂತರೂ ಕಾಫಿಯ ದುಡ್ಡು ಅವರವರದ್ದು. ಅವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "It's only fair, ಪಪ್ಪಾ," ಎಂದಳು.

ಆಗಲೇ ಫೋನು ಬಂತು. ಮದುವೆ ಊಟದಲ್ಲಿ ಹೆಂಡತಿಯಿಂದ ಮೇಜಿನ ಕಥೆ ಪೂರ್ತಿ ಕೇಳಿದ್ದ ಮದುಮಗ.

"ಏನು ಸಾಹೇಬ್ರೇ, ಭಾಭಿಗೆ ಬಟ್ಟೆ ಹಾಸಿದ ಮೇಜು ಸಿಕ್ಕಿತಾ?"

"ಸಿಕ್ಕಿತು."

"ಎಷ್ಟಾಯ್ತು ಮಾರಾಯ್ರೇ?"

"ಅವರಿಬ್ಬರದು ಮೂವತ್ತೆಂಟು ಯೂರೋ."

"ಅಷ್ಟೇಯಾ! ಮತ್ತೆ ನಿಮ್ಮ ಸ್ವರ ಯಾಕೆ ಹೀಗುಂಟು?"

ನಾನು ನನ್ನ ಮುಂದಿನ ತಟ್ಟೆಯನ್ನು ಇನ್ನೊಮ್ಮೆ ನೋಡಿ ಹೇಳಿದೆ:

"ನನ್ನೊಬ್ಬನದು ತೊಂಬತ್ತೊಂದು. ನಲವತ್ತು ಸೆಂಟ್."